ಯೋಗಾಸನಗಳ ಅರ್ಥವೂ ಪ್ರಯೋಜನವೂ

‘ಆಸನ’ವೆಂಬ ಶಬ್ದವು ‘ಆಸ್’ ಎಂಬ ಸಂಸ್ಕೃತ ಧಾತುವಿನಿಂದ ನಿಷ್ಪನ್ನವಾದುದು. ಕುಳಿತುಕೊಳ್ಳುವುದು, ನೆಲೆಗೊಳ್ಳುವುದು ಎಂಬಿವು ಆ ಧಾತುವಿನ ಅರ್ಥಗಳು. ಕುಳಿತುಕೊಳ್ಳುವ ಕ್ರಿಯೆಗೂ ಆಸನವೆಂದೇ ಹೆಸರು. ಕುಳಿತುಕೊಳ್ಳಲೆಂದು ಹಾಸಿದ ಚಾಪೆಗೂ ಇಟ್ಟ ಮಣೆಗೂ ಆಸನವೆಂದೇ ಹೆಸರು. ಷೋಡಶೋಪಚಾರಗಳಲ್ಲಿ ಆವಾಹನದ ತರುವಾಯ ಆಸನವು ಬರುತ್ತದೆ. ಮನೆಗೆ ಬಂದ ಅತಿಥಿಗೂ ಮೊದಲು ಮಣೆ, ಅನಂತರವೇ ಉಳಿದ ಉಪಚಾರ. ಬಂದವರು ಹೊಸ್ತಿಲಲ್ಲೇ ನಿಂತಿದ್ದರೆ ಮಾತು ಬೆಳೆಯದು. ಅವರು ಕುಳಿತರೆಂದರೆ ಮನೆಯವರ ಮನಸ್ಸಿಗೂ ಸಮಾಧಾನ. ಯೋಗಶಾಸ್ತ್ರದಲ್ಲಿ ಆಸನಕ್ಕಿರುವ ಸ್ಥಾನವನ್ನು ಇದರಿಂದಲೇ ಊಹಿಸಬಹುದು. ಎಲ್ಲಿಯೂ ನಿಲ್ಲದೆ ಅಲೆಯುವ ಮನಸ್ಸೆಂಬ ಅತಿಥಿಗೆ ದೇಹವನ್ನು ಮಣೆಯಾಗಿ ಹಾಕಿಕೊಡುವುದೇ ಆಸನ.

ಇಷ್ಟು ವಿಶಾಲವಾದ ಅರ್ಥವುಳ್ಳ ಈ ಶಬ್ದವು ಇತ್ತೀಚೆಗೆ ಬಹಳ ಕುಗ್ಗಿದೆ. ಆಸನವೆಂದರೇನೆಂದು ಯಾವ ಶಾಲೆಯ ಮಕ್ಕಳನ್ನು ಕೇಳಿದರೂ, ತಲೆ ಕೆಳಗಾಗಿ ನಿಲ್ಲುವುದು, ಕಾಲನ್ನು ಕತ್ತಿನ ಹಿಂದಕ್ಕೆ ಹಾಕುವುದು, ಹಗ್ಗದಂತೆ ಮೈಯನ್ನು ಹೊಸೆಯುವುದು ಎಂಬ ಉತ್ತರವೇ ದೊರೆಯುತ್ತದೆ. ಪ್ರತಿವರ್ಷ ಜೂನ್ 21ರಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮೈದಾನಗಳಲ್ಲಿ ಮಕ್ಕಳು ಸಾಲುಸಾಲಾಗಿ ನಿಲ್ಲುತ್ತಾರೆ. ಸೀಟಿಯೂದಿದೊಡನೆ ಎಲ್ಲರ ಕೈಗಳೂ ಒಮ್ಮೆಗೇ ಮೇಲೇಳುತ್ತವೆ, ಎಣಿಕೆ ನಡೆಯುತ್ತದೆ, ಛಾಯಾಚಿತ್ರಗಳನ್ನು ತೆಗೆಯುತ್ತಾರೆ. ಮರುದಿನ ಚಾಪೆಗಳು ಮೂಲೆ ಸೇರಿದರೆ ಮತ್ತೆ ಅವುಗಳ ನೆನಪಾಗುವುದು ಮುಂದಿನ ಜೂನ್ ತಿಂಗಳಲ್ಲಿ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಈ ದಿನವನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಅಂಗೀಕರಿಸಿತು. 2015ರಿಂದ ಅದರ ಆಚರಣೆ ನಡೆದುಬಂದಿದೆ. 2020ರ ಡಿಸೆಂಬರ್ ತಿಂಗಳಲ್ಲಿ ಭಾರತ ಸರ್ಕಾರವು ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮನ್ನಿಸಿತು. ಆಚರಣೆಯಾಗಲಿ ಪದಕವಾಗಲಿ ತಮ್ಮಷ್ಟಕ್ಕೆ ದೋಷವಲ್ಲ. ಆದರೆ ಶಾಲೆಯು ಮಗುವಿಗೆ ಆಸನವನ್ನು ಕಲಿಸುವುದು ಯಾವ ಪ್ರಯೋಜನಕ್ಕಾಗಿ ಎಂಬ ಪ್ರಶ್ನೆಗೆ ಇವೆರಡರಲ್ಲಿಯೂ ಉತ್ತರವಿಲ್ಲ. ಆ ಉತ್ತರವು ಸ್ಪಷ್ಟವಾಗದಿದ್ದಲ್ಲಿ ಆಸನದಿಂದ ಹೆಚ್ಚು ಉಪಕಾರವಾಗಬೇಕಾದ ಮಗುವೇ ಅದರಿಂದ ದೂರ ಉಳಿಯುವ ಅಪಾಯವುಂಟು. ಆದುದರಿಂದ ಈ ವಿಚಾರವನ್ನು ಮೂಲದಿಂದ ಪರಾಮರ್ಶಿಸುವುದು ಸಮುಚಿತವೆನಿಸುತ್ತದೆ.

ಪತಂಜಲಿ ಮುನಿಯ ಯೋಗಸೂತ್ರಗಳು ಒಟ್ಟು 195. ಕೆಲವು ಪಾಠಗಳಲ್ಲಿ 196. ಯೋಗದ ಎಂಟು ಅಂಗಗಳಲ್ಲಿ ಯಮ, ನಿಯಮಗಳು ಮುಗಿದ ಮೇಲೆ ಮೂರನೆಯದಾಗಿ ಆಸನವು ಬರುತ್ತದೆ. ಸತ್ಯ, ಅಹಿಂಸೆ, ಶೌಚ, ಸಂತೋಷಗಳನ್ನು ಹೇಳಿದ ಬಳಿಕವೇ ಸೂತ್ರಕಾರನು ಕುಳಿತುಕೊಳ್ಳುವ ಮಾತನ್ನೆತ್ತುತ್ತಾನೆಂಬುದು ಗಮನಾರ್ಹವಾದ ಕ್ರಮ. ಆಸನದ ವಿಷಯವಾಗಿ ಅವನು ನೇರವಾಗಿ ಹೇಳಿರುವ ಸೂತ್ರಗಳು ಕೇವಲ ಮೂರು. ಮೊದಲನೆಯದು ಲಕ್ಷಣವನ್ನು ಹೇಳುತ್ತದೆ: ಆಸನದಲ್ಲಿ ಸ್ಥಿರತೆಯೂ ಇರಬೇಕು, ಸುಖವೂ ಇರಬೇಕು. ಎರಡನೆಯದು ಉಪಾಯವನ್ನು ಹೇಳುತ್ತದೆ: ಪ್ರಯತ್ನದ ಬಿಗಿಯು ಸಡಿಲವಾಗಬೇಕು, ಚಿತ್ತವು ಅನಂತದಲ್ಲಿ ಸೇರಬೇಕು. ಅನಂತವೆಂದರೆ ಕೊನೆಯಿಲ್ಲದುದು ಎಂದು ಕೆಲವರು ಅರ್ಥಮಾಡಿದರೆ, ಸಾವಿರ ಹೆಡೆಗಳ ಮೇಲೆ ಭೂಮಿಯನ್ನು ಹೊತ್ತೂ ಅಲುಗದ ಆದಿಶೇಷನೆಂದು ಮತ್ತೆ ಕೆಲವರು ವ್ಯಾಖ್ಯಾನಿಸಿದ್ದಾರೆ. ಮೂರನೆಯ ಸೂತ್ರವು ಫಲವನ್ನು ಹೇಳುತ್ತದೆ: ಅಂತಹ ಆಸನವು ಸಿದ್ಧಿಸಿದವನನ್ನು ಚಳಿ, ಬಿಸಿಲು ಮೊದಲಾದ ದ್ವಂದ್ವಗಳು ಘಾಸಿಗೊಳಿಸಲಾರವು.

ಲಕ್ಷಣ, ಉಪಾಯ, ಫಲ ಎಂಬ ಈ ಮೂರರಲ್ಲಿ ಎಲ್ಲಿಯೂ ದೇಹವನ್ನು ಎಷ್ಟು ಬಗ್ಗಿಸಬೇಕೆಂಬ ಅಳತೆಯಿಲ್ಲ. ಸ್ಥಿರತೆ ಮಾತ್ರ ಸಾಕಾಗಿದ್ದರೆ ಮರದ ಕೊರಡೂ ಯೋಗಿಯಾಗುತ್ತಿತ್ತು. ಸುಖ ಮಾತ್ರ ಸಾಕಾಗಿದ್ದರೆ ಮಂಚದ ಮೇಲೆ ಮಲಗಿದವರೆಲ್ಲರೂ ಯೋಗಿಗಳೆನಿಸುತ್ತಿದ್ದರು. ಎರಡೂ ಏಕಕಾಲದಲ್ಲಿ ಕೂಡಬೇಕೆಂಬಲ್ಲಿಯೇ ಸೂತ್ರದ ಸ್ವಾರಸ್ಯವಿದೆ. ವ್ಯಾಸಭಾಷ್ಯವು ಈ ಸಂದರ್ಭದಲ್ಲಿ ಪದ್ಮಾಸನ, ವೀರಾಸನ, ಭದ್ರಾಸನ, ಸ್ವಸ್ತಿಕ, ದಂಡಾಸನ ಮೊದಲಾದ ಕೆಲವು ಹೆಸರುಗಳನ್ನು ಎಣಿಸುತ್ತದೆ. ಆ ಪಟ್ಟಿಯಲ್ಲಿ ‘ಸೋಪಾಶ್ರಯ’ವೆಂಬುದೂ ಒಂದು. ಆಶ್ರಯದೊಡನೆ, ಎಂದರೆ ಒತ್ತಾಸೆಯೊಂದನ್ನು ಇಟ್ಟುಕೊಂಡು ಕುಳಿತುಕೊಳ್ಳುವುದು ಎಂದು ಅದರ ಅರ್ಥ. ಬೆನ್ನನ್ನೂ ಮೊಣಕಾಲುಗಳನ್ನೂ ಬಳಸಿ ಕಟ್ಟುವ ಯೋಗಪಟ್ಟವು ಅಂತಹ ಒತ್ತಾಸೆ. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗಾನರಸಿಂಹನ ಮೊಣಕಾಲುಗಳಿಗೆ ಈ ಪಟ್ಟಿಕೆಯನ್ನು ಕಾಣಬಹುದು. ದೇವರ ಮೂರ್ತಿಗೇ ಪಟ್ಟಿಯ ಆಸರೆಯನ್ನು ಕೊಡಲು ಶಿಲ್ಪಿಯು ಸಂಕೋಚಪಡಲಿಲ್ಲ. ಹೀಗಿರುವಾಗ ಆಸರೆಯನ್ನು ಬಯಸುವ ದುರ್ಬಲ ದೇಹದ ಮಗುವನ್ನು ಕೀಳಾಗಿ ಕಾಣುವುದು ಶಾಸ್ತ್ರಸಮ್ಮತವಾಗದು.

ಹಾಗಾದರೆ ಇಂದು ಕಾಣುವ ನೂರಾರು ಆಸನಗಳು ಎಲ್ಲಿಂದ ಬಂದುವು ಎಂಬ ಪ್ರಶ್ನೆ ಸಹಜ. ಹಠಯೋಗದ ಗ್ರಂಥಗಳು ಇವುಗಳನ್ನು ವಿಸ್ತರಿಸಿದುವು. ಸ್ವಾತ್ಮಾರಾಮನ ಹಠಪ್ರದೀಪಿಕೆಯು ಆಸನಗಳನ್ನು ಹಠದ ಮೊದಲ ಅಂಗವೆಂದು ಕರೆದು, ಸ್ಥೈರ್ಯ, ಆರೋಗ್ಯ, ಅಂಗಗಳ ಲಾಘವ ಇವೇ ಅವುಗಳ ಫಲವೆನ್ನುತ್ತದೆ. ಶಿವನು ಹೇಳಿದ ಆಸನಗಳು 84 ಎಂದು ಪರಂಪರೆಯನ್ನು ಸ್ಮರಿಸಿದರೂ ಅದು ವಿವರಿಸುವುದು 15 ಆಸನಗಳನ್ನು. ಅವುಗಳಲ್ಲಿಯೂ ಸಿದ್ಧ, ಪದ್ಮ, ಸಿಂಹ, ಭದ್ರ ಎಂಬ ನಾಲ್ಕೇ ಸಾರಭೂತವಾದವು. ಘೇರಂಡಸಂಹಿತೆಯಲ್ಲಿ ಆ ಸಂಖ್ಯೆ 32 ಆಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಸಂಸ್ಕೃತವನ್ನರಿಯದ ಕನ್ನಡಿಗರಿಗೂ ಈ ವಿದ್ಯೆ ಅಪರಿಚಿತವಾಗಿರಲಿಲ್ಲ. ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯೆಂಬ ಗದ್ಯಗ್ರಂಥದಲ್ಲಿ ಇತರ ಶಾಸ್ತ್ರಗಳೊಡನೆ ಯೋಗವನ್ನೂ ಕನ್ನಡದಲ್ಲಿ ನಿರೂಪಿಸಿದ್ದಾರೆ.

ಸಂಖ್ಯೆಯು ಹೀಗೆ ಬೆಳೆದುದಕ್ಕೆ ಕಾರಣವಿಲ್ಲದಿಲ್ಲ. ಒಂದು ಗಳಿಗೆ ನೆಟ್ಟಗೆ ಕುಳಿತುಕೊಳ್ಳುವುದು ಕೇಳುವುದಕ್ಕೆ ಸುಲಭ. ಪ್ರಯತ್ನಿಸಿದವರಿಗೆ ಮಾತ್ರ ಅದರ ಕಷ್ಟ ತಿಳಿದೀತು. ಐದು ನಿಮಿಷವಾಗುವಷ್ಟರಲ್ಲಿ ಸೊಂಟ ಕುಸಿಯುತ್ತದೆ, ಮಂಡಿ ನೋಯುತ್ತದೆ, ಪಾದ ಜೋಮು ಹಿಡಿಯುತ್ತದೆ. ಆಗ ಮನಸ್ಸು ಧ್ಯೇಯವನ್ನು ಬಿಟ್ಟು ಮಂಡಿಯನ್ನೇ ಧ್ಯಾನಿಸುತ್ತದೆ. ಸೊಂಟದ, ತೊಡೆಯ, ಬೆನ್ನಿನ, ಹೆಗಲಿನ ಬಿಗಿಗಳನ್ನು ಒಂದೊಂದಾಗಿ ಬಿಡಿಸಿದಲ್ಲದೆ ಆ ಒಂದು ಕುಳಿತುಕೊಳ್ಳುವಿಕೆ ಸಿದ್ಧಿಸದು. ಹೊಲವನ್ನು ಹಲವು ಸಾಲು ಉಳುವುದು ಒಂದು ಬಿತ್ತನೆಗಾಗಿ. ಹಲವು ಆಸನಗಳನ್ನು ಅಭ್ಯಾಸಮಾಡುವುದು ಒಂದು ಆಸನಕ್ಕಾಗಿ. ಉಳುಮೆಯ ಸಾಲುಗಳನ್ನೇ ಪ್ರದರ್ಶನಕ್ಕಿಟ್ಟು ಬಿತ್ತುವುದನ್ನು ಮರೆತ ರೈತನನ್ನು ಯಾರೂ ಜಾಣನೆನ್ನಲಾರರು.

ಈ ವಿಚಾರಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾದುದಿಲ್ಲ. ಕೋಲಾರ ಜಿಲ್ಲೆಯ ನರಸಾಪುರದ ಬಳಿಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಒಂದು ಮಗು ಜನಿಸಿತು. ಅದು ಇನ್‌ಫ್ಲುಯೆಂಜಾ ಮಹಾಮಾರಿಯು ಜಗತ್ತನ್ನೆಲ್ಲ ವ್ಯಾಪಿಸಿದ್ದ ಕಾಲ. ತಂದೆ ಕೃಷ್ಣಮಾಚಾರ್ಯರು ಉಪಾಧ್ಯಾಯರು, ತಾಯಿ ಶೇಷಮ್ಮನವರು. ಮಗುವಿಗೆ ಸುಂದರರಾಜನೆಂದು ನಾಮಕರಣವಾಯಿತು. ಆದರೆ ದೇಹಸ್ಥಿತಿಯು ಹೆಸರಿಗೆ ವಿರುದ್ಧವಾಗಿತ್ತು. ಕಡ್ಡಿಯಂತಹ ಕೈಕಾಲುಗಳು, ಮುಂದೆ ಬಂದ ಹೊಟ್ಟೆ, ಭಾರವಾದ ತಲೆ. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಇವು ಒಂದರ ಹಿಂದೊಂದು ಬಂದು ಆ ಬಾಲಕನನ್ನು ಕಾಡಿದುವು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೂ ತೀರಿಕೊಂಡರು. ಇಂತಹ ಮಗುವನ್ನು ಜೂನ್ 21ರ ಸಾಲಿನಲ್ಲಿ ನಿಲ್ಲಿಸಿದ್ದರೆ ಅದಕ್ಕೆ ಯಾವ ಸ್ಥಾನ ದೊರೆಯುತ್ತಿತ್ತು? ಛಾಯಾಚಿತ್ರಕ್ಕೆ ಬೀಳದ ಕೊನೆಯ ಸಾಲು. ಇಲ್ಲವೆ ಬೇವಿನ ಮರದ ನೆರಳಿನಲ್ಲಿ ಇತರರ ಚೀಲಗಳನ್ನು ಕಾಯುವ ಕೆಲಸ.

1934ರಲ್ಲಿ ಈ ಬಾಲಕನು ಮೈಸೂರಿಗೆ ಬಂದು ಅಕ್ಕನ ಮನೆಯನ್ನು ಸೇರಿದನು. ಅಕ್ಕನ ಪತಿಯೇ ವಿದ್ವಾನ್ ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿ ದರ್ಶನಶಾಸ್ತ್ರಗಳಲ್ಲಿ ಪಾರಂಗತರಾಗಿದ್ದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸುತ್ತಿದ್ದರು. ಅದೇ 1934ರಲ್ಲಿ ಅವರ ‘ಯೋಗಮಕರಂದ’ವೂ 1941ರಲ್ಲಿ ‘ಯೋಗಾಸನಗಳು’ ಎಂಬ ಗ್ರಂಥವೂ ಕನ್ನಡದಲ್ಲಿಯೇ ಪ್ರಕಟವಾದುವು. ಇಂದು ಜಗತ್ತೆಲ್ಲ ಅಭ್ಯಸಿಸುವ ಆಸನಗಳ ಒಂದು ಮುಖ್ಯ ಧಾರೆಯು ಮೊದಲು ಕನ್ನಡದಲ್ಲಿ ಅಚ್ಚಾಯಿತೆಂಬುದನ್ನು ಕನ್ನಡಿಗರೇ ಮರೆತಿದ್ದಾರೆ. ಆ ರೋಗಿಷ್ಠ ಬಾಲಕನಿಂದ ಹೆಚ್ಚಿನದನ್ನು ಗುರುಗಳು ಮೊದಲಲ್ಲಿ ನಿರೀಕ್ಷಿಸಿರಲಿಲ್ಲ. ಮತ್ತೊಬ್ಬ ಶಿಷ್ಯನು ಬಿಟ್ಟುಹೋದುದರಿಂದ ಪಾಠವು ಇವನ ಪಾಲಿಗೆ ಬಂದಿತು. ಪ್ರದರ್ಶನಗಳಿಗಾಗಿ ಅವಸರದಿಂದ ಕಲಿತ ಕಠಿಣ ಆಸನಗಳು ದೇಹಕ್ಕೆ ಎಷ್ಟು ನೋವನ್ನಿತ್ತುವೆಂಬುದನ್ನು ಆ ಶಿಷ್ಯರೇ ಮುಂದೆ ಹೇಳಿಕೊಂಡಿದ್ದಾರೆ. ಆ ನೋವೇ ಅವರಿಗೆ ಎರಡನೆಯ ಗುರುವಾಯಿತೆನ್ನಬಹುದು. ಪ್ರತಿಯೊಂದು ಕೀಲು, ಪ್ರತಿಯೊಂದು ಸ್ನಾಯು ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು ಎಂಬುದನ್ನು ಅವರು ತಮ್ಮ ಮೈಯಲ್ಲಿಯೇ ಶೋಧಿಸಿದರು.

1937ರಲ್ಲಿ ಪುಣೆಗೆ ತೆರಳಿದ ಆ ತರುಣನೇ ಜಗದ್ವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್ಯರು. ಅವರ ನಾಮಧೇಯದ ಮೊದಲ ಅಕ್ಷರವೇ ಬೆಳ್ಳೂರು. 1952ರಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ನರು ಅವರ ಶಿಷ್ಯರಾದರು. 1966ರಲ್ಲಿ ಪ್ರಕಟವಾದ ‘ಯೋಗದೀಪಿಕಾ’ ಎಂಬ ಅವರ ಆಂಗ್ಲ ಗ್ರಂಥವು ಸುಮಾರು 200 ಆಸನಗಳನ್ನು ಚಿತ್ರಸಹಿತ ವಿವರಿಸಿತು. 1975ರಲ್ಲಿ, ದಿವಂಗತರಾದ ಪತ್ನಿ ರಮಾಮಣಿಯವರ ಹೆಸರಿನಲ್ಲಿ, ಪುಣೆಯಲ್ಲಿ ಯೋಗಸಂಸ್ಥೆಯು ಪ್ರಾರಂಭವಾಯಿತು. ಹುಟ್ಟೂರನ್ನು ಅವರು ಮರೆಯಲಿಲ್ಲ. ತಂದೆತಾಯಿಗಳ ಸ್ಮಾರಕನಿಧಿಯ ಮೂಲಕ ಬೆಳ್ಳೂರಿನಲ್ಲಿ ಶಾಲೆಯನ್ನೂ ಆಸ್ಪತ್ರೆಯನ್ನೂ ಪತಂಜಲಿಯ ಮಂದಿರವನ್ನೂ ಕಟ್ಟಿಸಿದರು. 2014ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಭಾಜನರಾಗಿ, ಅದೇ ವರ್ಷದ ಆಗಸ್ಟ್ 20ರಂದು, 95 ವರ್ಷಗಳ ತುಂಬುಜೀವನವನ್ನು ಮುಗಿಸಿದರು.

ಆದರೆ ಶಾಲೆಯೊಂದು ಅವರಿಂದ ಕಲಿಯಬೇಕಾದ ಪಾಠವು ಈ ಕೀರ್ತಿಯಲ್ಲಿಲ್ಲ. ಅವರು ಬಳಸಿದ ಸಾಮಾನ್ಯ ವಸ್ತುಗಳಲ್ಲಿದೆ. ಬಗ್ಗಿದಾಗ ಕೈ ನೆಲಕ್ಕೆ ಮುಟ್ಟದವನಿಗೆ ಅವರು ಕೈಯಡಿ ಇಟ್ಟಿಗೆಯನ್ನಿಟ್ಟರು. ಕಾಲಿನ ಬೆರಳು ಸಿಕ್ಕದವನಿಗೆ ಪಟ್ಟಿಯನ್ನು ಕೊಟ್ಟರು. ನಿಲ್ಲಲಾರದವನಿಗೆ ಗೋಡೆಯ ಹಗ್ಗವನ್ನೂ, ವೃದ್ಧರಿಗೆ ಕುರ್ಚಿಯನ್ನೂ, ರೋಗಿಗಳಿಗೆ ದಿಂಬನ್ನೂ ಒದಗಿಸಿದರು. ಭಾಷ್ಯಕಾರನು ಒಂದೇ ಶಬ್ದದಲ್ಲಿ ಹೇಳಿದ ಸೋಪಾಶ್ರಯವು ಬೆಳ್ಳೂರಿನ ದುರ್ಬಲ ಬಾಲಕನಿಂದ ಒಂದು ಪದ್ಧತಿಯಾಗಿ ಬೆಳೆಯಿತು. ದೇಹವು ಆಸನದ ಅಳತೆಗೆ ಬರುವವರೆಗೂ ಆಸನವೇ ದೇಹದ ಬಳಿಗೆ ಬರಬೇಕೆಂಬ ಕರುಣೆಯು ಅದರಲ್ಲಿದೆ. ಸ್ವತಃ ದುರ್ಬಲತೆಯನ್ನುಂಡವರಿಗಲ್ಲದೆ ಇಂತಹ ಉಪಾಯ ಹೊಳೆಯುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ಹಳ್ಳಿಯ ಮಕ್ಕಳು ಹೊಲದಲ್ಲಿ ದುಡಿಯುವವರ ಮಕ್ಕಳು. ದುಡಿಯುವ ದೇಹಕ್ಕೆ ಆಸನದ ಅಗತ್ಯವೇನು? ಇದು ಕುರ್ಚಿಯ ಮೇಲೆ ಕುಳಿತು ಕೆಡುವ ಪಟ್ಟಣಿಗರಿಗೆ ಬೇಕಾದ ವಿದ್ಯೆಯಲ್ಲವೇ ಎಂದು ಹಿರಿಯರು ಕೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದುಡಿಮೆಯು ದೇಹವನ್ನು ಬಲಪಡಿಸುತ್ತದೆ, ನಿಜ. ಆದರೆ ಅದು ದೇಹವನ್ನು ಒಂದೇ ಕಡೆಗೆ ಎಳೆಯುತ್ತದೆ. ಮಾಲೂರಿನ ಇಟ್ಟಿಗೆಗೂಡುಗಳಲ್ಲಿ ತಲೆಯ ಮೇಲೆ ಹೊರೆ ಹೊರುವವರ ಕತ್ತು, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದಿನವಿಡೀ ಮೇಲೆ ನೋಡುತ್ತ ಕಾಯಿ ಕೀಳುವವರ ಹೆಗಲು, ಮುಳಬಾಗಿಲಿನ ಟೊಮೇಟೊ ಹೊಲಗಳಲ್ಲಿ ಬಗ್ಗಿಯೇ ಇರುವ ಹೆಣ್ಣುಮಕ್ಕಳ ಸೊಂಟ, ಕೋಲಾರದ ಮಾರುಕಟ್ಟೆಯಲ್ಲಿ ಪೆಟ್ಟಿಗೆಗಳನ್ನೆತ್ತುವ ಹಮಾಲರ ಬೆನ್ನು ಇವೆಲ್ಲವೂ ಒಂದೇ ಚಲನೆಯ ಭಾರವನ್ನು ವರ್ಷಾನುಗಟ್ಟಲೆ ಹೊರುತ್ತವೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸರದಿಯ ಮೇಲೆ ನಿಂತು ಸಣ್ಣ ಬಿಡಿಭಾಗಗಳನ್ನು ಜೋಡಿಸುವ ತರುಣ ತರುಣಿಯರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಬಗ್ಗಿದ ಬೆನ್ನನ್ನು ಹಿಂದಕ್ಕೆ ತೆರೆಯುವುದು, ಕುಗ್ಗಿದ ಎದೆಯನ್ನು ಅರಳಿಸುವುದು, ಬಿಗಿದ ಉಸಿರನ್ನು ಸಡಿಲಿಸುವುದು ದುಡಿಮೆಯಿಂದ ಆಗದ ಕೆಲಸ. ಕಾಯಕವನ್ನು ಪೂಜೆಗೆ ಸಮವೆಂದು ಬಗೆದ ಶರಣರ ನಾಡಿನಲ್ಲಿ ಕಾಯಕ ಮಾಡುವ ಕಾಯವನ್ನು ಕಡೆಗಣಿಸುವುದು ತರವಲ್ಲ. ತಲೆಯ ಮೇಲೆ ಇಟ್ಟಿಗೆ ಹೊರುವವರ ಮಗುವಿನ ಕೈಕೆಳಗೆ ಒಂದು ಇಟ್ಟಿಗೆಯನ್ನು ಆಸರೆಯಾಗಿ ಇಡಲು ಶಾಲೆಗೆ ಯಾವ ಖರ್ಚೂ ಬೀಳದು.

ಅದೇ ಉಸಿರಿನಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಆಸನವು ಎಲ್ಲ ರೋಗಗಳಿಗೂ ಮದ್ದೆಂದು ಸಾರುವವರು ಆಸನಕ್ಕೆ ಉಪಕಾರ ಮಾಡುತ್ತಿಲ್ಲ. ಕೋಲಾರ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶವು ಮಿತಿಯನ್ನು ಮೀರಿರುವುದು ದೀರ್ಘಕಾಲದಿಂದ ತಿಳಿದ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲುಗಳ ಮೇಲೆ ಕಲೆ ಮೂಡುತ್ತದೆ. ಮೂಳೆ ಕೀಲುಗಳು ಬಿಗಿಯುತ್ತವೆ. ಅಂತಹ ಬಿಗಿಯನ್ನು ಆಸನದಿಂದ ಬಿಡಿಸುವೆನೆಂದು ಹೊರಡುವುದು ಅವಿವೇಕ. ಅಲ್ಲಿ ಬೇಕಾದುದು ಶುದ್ಧವಾದ ನೀರು ಮತ್ತು ವೈದ್ಯರ ಸಲಹೆ. ರಕ್ತದೊತ್ತಡವುಳ್ಳವರನ್ನೂ ಕಣ್ಣಿನ ಒತ್ತಡವುಳ್ಳವರನ್ನೂ ತಲೆ ಕೆಳಗಾಗಿ ನಿಲ್ಲಿಸುವುದೂ ಅಷ್ಟೇ ಅಪಾಯಕರ. ತನ್ನ ಮಿತಿಯನ್ನು ಒಪ್ಪಿಕೊಂಡ ವಿದ್ಯೆಗೆ ಮಾತ್ರ ಗೌರವವು ಉಳಿಯುತ್ತದೆ.

ಬಲಿಷ್ಠವಾದ, ಎತ್ತ ಬೇಕಾದರತ್ತ ಬಾಗುವ ದೇಹವನ್ನು ಪಡೆಯುವುದೇ ಆಸನದ ಪರಮ ಪ್ರಯೋಜನವೇ ಎಂಬ ಪ್ರಶ್ನೆಗೆ ಕನ್ನಡ ಸಾಹಿತ್ಯದಲ್ಲಿ ಒಂದು ಅಪೂರ್ವವಾದ ಉತ್ತರವಿದೆ. ಚಾಮರಸ ಕವಿಯ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವದು. ಗೋರಕ್ಷನು ಹಠಸಾಧನೆಯಿಂದ ತನ್ನ ಕಾಯವನ್ನು ವಜ್ರವನ್ನಾಗಿ ಮಾಡಿಕೊಂಡಿದ್ದನು. ಅಲ್ಲಮಪ್ರಭುವಿನ ಕೈಗೆ ಕತ್ತಿಯನ್ನಿತ್ತು ಹೊಡೆಯೆಂದು ಸವಾಲೆಸೆದನು. ಪ್ರಭುವು ಹೊಡೆದಾಗ ಖಣಿಲ್ಲೆಂಬ ಸದ್ದು ಹೊಮ್ಮಿತೇ ಹೊರತು ಒಂದು ಕೂದಲೂ ಕೊಂಕಲಿಲ್ಲ. ಸದ್ದು ಹೊಮ್ಮಿದ್ದರಿಂದಲೇ ಅದು ಸಿದ್ಧಿಯಲ್ಲವೆಂದು ಪ್ರಭುವಿನ ನಿರ್ಣಯ. ಬಳಿಕ ಗೋರಕ್ಷನು ಬೀಸಿದ ಕತ್ತಿಯು ಪ್ರಭುವಿನ ದೇಹದಲ್ಲಿ ಬಯಲಿನಲ್ಲಿ ಆಡಿದಂತೆ ಆಚೀಚೆ ಹಾಯ್ದುಹೋಯಿತು. ತಡೆಯಲು ಅಲ್ಲಿ ಏನೂ ಇರಲಿಲ್ಲ. ಕಥೆಯ ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಭಾವಕ್ಕೆ ಸೇರಿದುದು. ಅದರ ತಾತ್ಪರ್ಯವು ಮಾತ್ರ ನಿಸ್ಸಂದಿಗ್ಧವಾಗಿದೆ. ದೇಹವನ್ನು ಗಟ್ಟಿ ಮಾಡಿಕೊಂಡವನಲ್ಲಿ ದೇಹದ ಅಭಿಮಾನವೂ ಗಟ್ಟಿಯಾಗಿದ್ದರೆ ಯೋಗವು ಬಾಗಿಲಲ್ಲೇ ನಿಂತಿದೆಯೆಂದು ತಿಳಿಯಬೇಕು.

ಅಲ್ಲಮನು ದೇಹವನ್ನು ತಿರಸ್ಕರಿಸಿದನೆಂದು ಇದರಿಂದ ಭಾವಿಸಲಾಗದು. ಶರಣರ ದೃಷ್ಟಿಯಲ್ಲಿ ದೇಹವೇ ದೇಗುಲ. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿ ಕುಳಿತುಕೊಳ್ಳುವವರನ್ನು ಕಂಡವರಿಗೆ ಆಸನದ ಅರ್ಥವನ್ನು ಬೇರೆ ಹೇಳಬೇಕಾದುದಿಲ್ಲ. ಬೆನ್ನು ಬಾಗಿದರೆ ಅಂಗೈ ಇಳಿಯುತ್ತದೆ. ಅಂಗೈ ನಡುಗಿದರೆ ದೃಷ್ಟಿ ಚೆದರುತ್ತದೆ. ದೃಷ್ಟಿ ಚೆದರಿದರೆ ಮನಸ್ಸು ಹೊರಗೆ ಹರಿಯುತ್ತದೆ. ಅಲ್ಲಿ ಯಾರೂ ಅಂಕ ಕೊಡುವುದಿಲ್ಲ, ಯಾರೂ ನೋಡುತ್ತಿರುವುದೂ ಇಲ್ಲ. ಸ್ಥಿರತೆಯೂ ಸುಖವೂ ಅಲ್ಲಿ ತಾವಾಗಿಯೇ ಬೇಕಾಗುತ್ತವೆ. ಆಸನವು ಯಾವುದಕ್ಕೆ ಸೇವಕನೋ ಅದನ್ನು ಕಣ್ಣೆದುರಿಗಿಟ್ಟುಕೊಂಡಾಗ ಆಸನಕ್ಕೆ ತನ್ನ ಸ್ಥಾನವು ಮರಳಿ ಲಭಿಸುತ್ತದೆ.

ಇನ್ನು ಶಾಲೆಗಳ ಕರ್ತವ್ಯವನ್ನು ವಿಚಾರಿಸಬೇಕು. ಶಾಲೆಗಳಲ್ಲಿ ದೇಹವನ್ನು ಬಗೆಬಗೆಯಾಗಿ ಬಗ್ಗಿಸುವ ಪದ್ಧತಿಯು ಹೊಸದೇನಲ್ಲ. ಕೂಲಿಮಠಗಳ ಕಾಲದಲ್ಲಿ ಕೋದಂಡವಿತ್ತು. ಅನಂತರದ ಶಾಲೆಗಳಲ್ಲಿ ಬಸ್ಕಿ, ಮಂಡಿಯೂರಿಸುವುದು, ಇಲ್ಲದ ಕುರ್ಚಿಯ ಮೇಲೆ ಗೋಡೆಗೊರಗಿ ಕೂರಿಸುವುದು ಮುಂತಾದ ಶಿಕ್ಷೆಗಳು ಬಂದುವು. ಮಗುವಿಗೆ ತನ್ನ ದೇಹದ ಅರಿವು ಮೊದಲು ಉಂಟಾದದ್ದು ಅವಮಾನದ ಮೂಲಕ. ಶಿಕ್ಷೆಯ ಭಂಗಿಗೂ ಯೋಗದ ಆಸನಕ್ಕೂ ನೋಟದಲ್ಲಿ ಹೆಚ್ಚಿನ ಅಂತರವಿಲ್ಲ. ಗೋಡೆ ಕುರ್ಚಿಗೂ ಉತ್ಕಟಾಸನಕ್ಕೂ ಕಾಲಿನ ಬಾಗು ಬಹುಮಟ್ಟಿಗೆ ಒಂದೇ. ಅಂತರವಿರುವುದು ಕಲಿಸುವವರ ಭಾವದಲ್ಲಿ. ಒಂದರಲ್ಲಿ ಮಗುವು ಯಾವಾಗ ಮುಗಿದೀತೆಂದು ಕಾಯುತ್ತದೆ. ಇನ್ನೊಂದರಲ್ಲಿ ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುತ್ತದೆ. ಸೀಟಿಯ ಸದ್ದಿಗೆ ಎಣಿಕೆ ಹಾಕಿ ಮಾಡಿಸಿದ ಆಸನವು ಈ ಎರಡರಲ್ಲಿ ಮೊದಲನೆಯದಕ್ಕೇ ಹತ್ತಿರವಾಗಿ ನಿಲ್ಲುತ್ತದೆಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಸ್ಪರ್ಧೆಯಿಂದ ಮಕ್ಕಳಿಗೆ ಉತ್ಸಾಹ ಬರುವುದಿಲ್ಲವೇ, ಹಳ್ಳಿಯ ಪ್ರತಿಭೆಯು ಬೆಳಕಿಗೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುವುದು ನಿಶ್ಚಯ. ಸಹಜವಾಗಿ ಬಾಗುವ ಮೈಯುಳ್ಳ ಬಡ ಮಗುವೊಂದು ಪದಕದ ಮೂಲಕ ಮುಂದೆ ಬಂದರೆ ಅದನ್ನು ಹಳಿಯುವವರು ಯಾರೂ ಇರಲಾರರು. ಅಂತಹ ಸ್ಪರ್ಧೆಗಳು ಕ್ರೀಡಾಂಗಣದಲ್ಲಿ ನಡೆಯಲಿ. ಆದರೆ ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣಿಗೆ ಕಾಣುವುದು ಹೊರಗಿನ ಭಂಗಿ ಮಾತ್ರ; ಪ್ರಯತ್ನದ ಬಿಗಿಯು ಸಡಿಲವಾದುದನ್ನು ಅಳೆಯುವ ಕೋಲು ಯಾರ ಕೈಯಲ್ಲಿಯೂ ಇಲ್ಲ. ಗೆಲ್ಲಬೇಕೆಂಬ ಬಿಗಿಯೇ ಆ ಸಡಿಲಿಕೆಗೆ ವಿರೋಧಿ. ಮೇಲಾಗಿ ಸ್ಪರ್ಧೆಯು ನಲವತ್ತು ಮಕ್ಕಳಲ್ಲಿ ನಾಲ್ವರನ್ನು ಆರಿಸುತ್ತದೆ. ಮೂವತ್ತಾರು ಮಂದಿ ಪ್ರೇಕ್ಷಕರಾಗುತ್ತಾರೆ. ಬೆಳ್ಳೂರಿನ ಬಾಲಕನು ಯಾವ ಆಯ್ಕೆಯಲ್ಲಿಯೂ ಆ ನಾಲ್ವರಲ್ಲಿ ಒಬ್ಬನಾಗುತ್ತಿರಲಿಲ್ಲ.

ಆದಕಾರಣ ಶಾಲೆಗಳಲ್ಲಿ ಆಸನದ ತರಗತಿಯು ಅಂಕಗಳಿಲ್ಲದ ತರಗತಿಯಾಗಿರುವುದು ಲೇಸು. ವರ್ಷಕ್ಕೊಂದು ದಿನದ ಉತ್ಸವಕ್ಕಿಂತ ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷಗಳ ಅಭ್ಯಾಸವು ಹೆಚ್ಚು ಫಲದಾಯಕ. ಬೆಳಗಿನ ಹೊತ್ತು, ಹೊಟ್ಟೆಯು ಹಗುರವಾಗಿರುವಾಗ ಅದು ನಡೆಯಲಿ. ಹಸಿದು ಬಂದ ಮಗುವಿಗೆ ಮೊದಲು ಆಹಾರ, ಆಸನ ಮತ್ತೊಂದು ದಿನ. ಪ್ರಾರಂಭದಲ್ಲಿ ಎರಡು ಕಾಲುಗಳ ಮೇಲೂ ಸಮನಾಗಿ ನಿಲ್ಲುವುದನ್ನು ಕಲಿಸಿದರೆ ಸಾಕು. ತಾಡಾಸನವು ಸಿದ್ಧಿಸಿದವರೇ ಅಪರೂಪ. ಎಟುಕದ ಮಗುವಿಗೆ ಇಟ್ಟಿಗೆಯೂ ಹಗ್ಗವೂ ಬೆಂಚೂ ಆಸರೆಯಾಗಲಿ. ಅಂಗವಿಕಲತೆಯುಳ್ಳ ಮಗುವು ಮರದ ನೆರಳಿನಲ್ಲಿ ಚೀಲ ಕಾಯದೆ, ಕುರ್ಚಿಯ ಮೇಲಾದರೂ ಕುಳಿತು ಎಲ್ಲರೊಡನೆ ಕೈಯೆತ್ತಲಿ. ನೋವೆಂದು ಹೇಳಿದ ಮಗುವನ್ನು ಒತ್ತಾಯಿಸಬಾರದು. ನೋವನ್ನು ಹೇಳಲು ಕಲಿತುದೂ ಅಭ್ಯಾಸದ ಒಂದು ಫಲವೇ. ಕೊನೆಯ ಐದು ನಿಮಿಷಗಳ ಶವಾಸನವನ್ನು ಗಂಟೆ ಬಾರಿಸಿತೆಂದು ಕತ್ತರಿಸಬಾರದು. ಹಠಪ್ರದೀಪಿಕೆಯ ಹದಿನೈದು ಆಸನಗಳಲ್ಲಿ ಅದೂ ಒಂದೆಂಬುದನ್ನು ಉಪಾಧ್ಯಾಯರು ನೆನಪಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಲಿಸುವವರು ತಾವೂ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಸೀಟಿಯನ್ನು ಮೇಜಿನ ಮೇಲೆ ಬಿಟ್ಟುಬರಬೇಕು.

ಇದರಿಂದ ಮಕ್ಕಳೆಲ್ಲರೂ ಯೋಗಿಗಳಾಗುತ್ತಾರೆಂದು ಹೇಳುವ ಧೈರ್ಯ ಯಾರಿಗೂ ಬೇಡ. ಆದರೆ ಪರೀಕ್ಷೆಯ ಮುನ್ನಾ ದಿನ ಉಸಿರು ಕಟ್ಟಿದಂತಾದಾಗ ಅದನ್ನು ಸಡಿಲಿಸುವ ಬಗೆ ಒಂದು ಮಗುವಿಗೆ ತಿಳಿದೀತು. ಮುಂದೆ ಕಾರ್ಖಾನೆಯಲ್ಲಿ ಎಂಟು ಗಂಟೆ ನಿಲ್ಲುವ ತರುಣಿಯೊಬ್ಬಳಿಗೆ ತನ್ನ ಸೊಂಟವನ್ನು ತಾನೇ ಕಾಪಾಡಿಕೊಳ್ಳುವ ಉಪಾಯ ನೆನಪಾದೀತು. ಸಿಟ್ಟು ಬಂದಾಗ ಒಂದು ಗಳಿಗೆ ನೆಟ್ಟಗೆ ಕುಳಿತು ನೋಡುವ ಅಭ್ಯಾಸವು ಒಬ್ಬ ಗೃಹಸ್ಥನಿಗಾದರೂ ಉಳಿದೀತು. ಇವು ಪದಕಪಟ್ಟಿಯಲ್ಲಿ ಕಾಣಿಸದ ಫಲಗಳು. ಆದರೆ ಬಾಳಿನಲ್ಲಿ ಇವುಗಳ ಬೆಲೆ ಸಣ್ಣದಲ್ಲ.

ಮನೆಗೆ ಬಂದವರಿಗೆ ಮಣೆ ಹಾಕುವಾಗ ಬಂದವರ ಮೈಕಟ್ಟನ್ನು ನೋಡಿ ಯಾರೂ ಮಣೆಯನ್ನು ಕೊಡುವುದಿಲ್ಲ. ಬಳಲಿ ಬಂದವರಿಗೆ ಅದನ್ನು ಮೊದಲು ಹಾಕುತ್ತಾರೆ. ಆಸನವೆಂಬ ಮಣೆಯನ್ನೂ ಶಾಲೆಗಳು ಅದೇ ಕ್ರಮದಲ್ಲಿ ಹಾಕುವಂತಾಗಲಿ. ಕೊನೆಯ ಸಾಲಿನ ಮಗುವಿಗೆ ಮೊದಲ ಚಾಪೆ ದೊರೆತ ದಿನ, ಬೆಳ್ಳೂರಿನಲ್ಲಿ ಹುಟ್ಟಿ ಜಗತ್ತನ್ನು ಸುತ್ತಿಬಂದ ಈ ವಿದ್ಯೆಯು ತನ್ನ ಜಿಲ್ಲೆಗೆ ಮರಳಿ ಬಂದಿತೆಂದು ಹೇಳಬಹುದು.